ಸೋರದ ಒಡ್ಡು

ಶಿವಮೊಗ್ಗದಿಂದ ನರಸಿಂಹರಾಜಪುರಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ನನಗೆ ಸಿಕ್ಕಿದ್ದು ಹಿಂದಿನ ಚಕ್ರದ ಮೇಲಿನ ಸೀಟು. ಫೆಬ್ರವರಿ ಮುಗಿಯುತ್ತ ಬಂದಿತ್ತು. ಚಳಿ ಬಿಟ್ಟಿತ್ತು, ಆದರೂ ಉಂಬ್ಳೇಬೈಲು ದಾಟಿ ಕಾಡು ಶುರುವಾದ ಮೇಲೆ ಕಿಟಕಿಯ ಗಾಜು ಹಾಕಿಕೊಳ್ಳಬೇಕೆನಿಸಿತು. ಗಾಜು ಮುಚ್ಚಲಿಲ್ಲ. ಕಂಡಕ್ಟರ್ ಬಂದು ತಾನೂ ಎರಡು ಸಲ ಗುದ್ದಿ ನೋಡಿ, ಅದು ಹಾಗೇ ಎಂದು ಹೇಳಿ ಹೋದ.

ನಾನು ಭೂಗೋಳದ ಮೇಷ್ಟರು. ನಮ್ಮಂಥ ಕೆಲವರು ಸೇರಿ ಪ್ರೌಢಶಾಲೆಯ ಶಿಕ್ಷಕರಿಗಾಗಿ ಒಂದು ಕೈಪಿಡಿ ಮಾಡುತ್ತಿದ್ದೇವೆ. ಸುಸ್ಥಿರ ಅಭಿವೃದ್ಧಿಯನ್ನು ಭೂಗೋಳದ ತರಗತಿಯಲ್ಲಿ ಹೇಗೆ ಕಲಿಸುವುದು ಎಂಬುದು ಅದರ ವಿಷಯ. ಈ ಮಾತನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಮಕ್ಕಳು ಅದರ ವ್ಯಾಖ್ಯೆಯನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ, ನಾವು ಎರಡು ಅಂಕ ಕೊಡುತ್ತೇವೆ, ಅಲ್ಲಿಗೆ ಭೂಮಿ ಉದ್ಧಾರವಾಯಿತು ಎಂದು ಇಬ್ಬರೂ ಮನೆಗೆ ಹೋಗುತ್ತೇವೆ. ಹಾಗಿರುವಾಗ ಕೊಪ್ಪದ ಕಡೆಯ ಒಂದು ಶಾಲೆಯಿಂದ ಫೋಟೋ ಬಂತು. ಸಮವಸ್ತ್ರದ ಮಕ್ಕಳು ಮೊಣಕಾಲುದ್ದ ನೀರಿನಲ್ಲಿ ನಿಂತು ಹಳ್ಳಕ್ಕೆ ಒಡ್ಡು ಕಟ್ಟಿದ್ದಾರೆ, ಹಿಂದೆ ಕೆರೆಯ ಹಾಗೆ ನೀರು ನಿಂತಿದೆ. ನಿಜ ಹೇಳಬೇಕೆಂದರೆ ಆ ಫೋಟೋ ನೋಡಿ ನನಗೆ ಆಸೆಯಾಯಿತು. ಕೈಪಿಡಿಯ ಮೊದಲ ಪಾಠ ಇದೇ ಆಗಲಿ ಎಂದವನೂ ನಾನೇ. ಹೋಗಿ ನೋಡಿ ಬರೆದುಕೊಂಡು ಬನ್ನಿ ಎಂದು ಉಳಿದವರು ನನ್ನನ್ನೇ ಅಟ್ಟಿದರು.

ಮುತ್ತಿನಕೊಪ್ಪದಲ್ಲಿ ತೋಟದ ಕೆಲಸಕ್ಕೆ ಹೋಗುವ ಹೆಂಗಸರು ಬುತ್ತಿಚೀಲ ಹಿಡಿದು ಹತ್ತಿದರು. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಆದರೆ ಈ ದಾರಿಯಲ್ಲಿ ಅದು ಯಾವಾಗಲೋ ಒಂದು. ಒಬ್ಬಾಕೆ ದುಡ್ಡು ಕೊಡುತ್ತ, "ನಮ್ಮ ಪುಕ್ಕಟೆ ಬಸ್ಸು ಎಲ್ಲಿ ಓಡ್ತದೆ ಮಾರಾಯ, ಟೀವೀಲಾ?" ಎಂದು ಕಂಡಕ್ಟರನನ್ನು ಕೇಳಿದಳು. ಅವನು ನಗಲಿಲ್ಲ. ಅವನಿಗೆ ಆ ಪ್ರಶ್ನೆ ದಿನವೂ ಇರುವುದೇ ಇರಬೇಕು.

ನರಸಿಂಹರಾಜಪುರದಲ್ಲಿ ಕೊಪ್ಪದ ಬಸ್ಸಿಗೆ ಮುಕ್ಕಾಲು ಗಂಟೆ ಇತ್ತು. ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಬನ್ನು, ಚಹಾ ತೆಗೆದುಕೊಂಡೆ. ಅಂಗಡಿಯವರು ಬಷೀರ್ ಸಾಬರು, ಐವತ್ತು ದಾಟಿದವರು, ಕೊಡೆ ರಿಪೇರಿಯಿಂದ ಹಿಡಿದು ಮೊಬೈಲ್ ಕರೆನ್ಸಿಯವರೆಗೆ ಎಲ್ಲ ವ್ಯಾಪಾರ ಇಟ್ಟುಕೊಂಡವರು. ಭದ್ರಾ ಹಿನ್ನೀರು ಇಳಿಯುತ್ತಿದೆಯಾ ಎಂದು ಕೇಳಿದೆ. ಇಳಿಯುತ್ತಿದೆ, ಹಳೇ ಗದ್ದೆಯ ಬದುಗಳು ಎದ್ದಿವೆ ಎಂದರು. ನಾನು ಭೂಗೋಳದವನೆಂದು ತಿಳಿದ ಮೇಲೆ ಅವರಿಗೆ ಮಾತಿನ ಹುರುಪು ಬಂತು.

"ನನ್ನ ಮಗ ಪರೀಕ್ಷೇಲಿ ಅಣೆಕಟ್ಟಿನ ಐದು ಉಪಯೋಗ ಬರೆದು ಪೂರ್ತಿ ಮಾರ್ಕ್ಸ್ ತಗೊಂಡಿದ್ದ ಸಾರ್. ನಮ್ಮಜ್ಜನ ಗದ್ದೆ ನೀರಿನಡಿ ಇರೋದು. ಅದು ಆರನೇದಿರಬೇಕು, ಅದನ್ನ ಕೇಳಿರ್ಲಿಲ್ಲ."

ಚಹಾ ಚೆನ್ನಾಗಿದೆ ಎಂದೆ. ಚೆನ್ನಾಗಿರಲಿಲ್ಲ, ಸಕ್ಕರೆ ಪಾಕವಾಗಿತ್ತು.

ಆ ರಾತ್ರಿ ಕೊಪ್ಪದ ಲಾಡ್ಜಿನಲ್ಲಿ ಉಳಿದೆ. ಮರುದಿನ ಶುಕ್ರವಾರ. ಬಾಳಗಡಿಯವರೆಗೆ ಕಾಲೇಜಿನ ಹುಡುಗರ ಜೊತೆ ಬಸ್ಸಿನಲ್ಲಿ ನಿಂತೇ ಹೋದೆ, ಅವರು ಇಳಿದ ಮೇಲೆ ಕೂರಲು ಜಾಗ ಸಿಕ್ಕಿತು. ಜಯಪುರದ ದಾರಿಯಲ್ಲಿ ಒಂದು ಸೇತುವೆಯ ಬಳಿ ಇಳಿದುಕೊಳ್ಳಲು ಹೇಳಿದ್ದರು. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ, ಜನರ ಹೆಸರುಗಳನ್ನೂ ಬದಲಿಸಿದ್ದೇನೆ.

ಸೇತುವೆಯ ಹತ್ತಿರ ಸುಮಿತ್ರಾ ಟೀಚರ್ ಕಾಯುತ್ತಿದ್ದರು. ನಲವತ್ತರ ಆಸುಪಾಸಿನ ಹೆಂಗಸು, ಹಿರಿಯೂರಿನ ಕಡೆಯವರು, ಈ ಊರಿಗೆ ಬಂದು ಹನ್ನೆರಡು ವರ್ಷವಾಗಿದೆ. ಫೋಟೋ ಕಳಿಸಿದವರೂ ಪಾಠ ಮಾಡಿದವರೂ ಅವರೇ. ಹೊಗಳಿಕೆ ಕೇಳಲು ಕಾದವರ ಮುಖ ಅವರದಾಗಿರಲಿಲ್ಲ. ನಮಸ್ಕಾರ ಹೇಳಿ, "ಮೊದಲು ಒಡ್ಡು ನೋಡ್ತೀರಾ, ಶಾಲೆಗೆ ಹೋಗ್ತೀರಾ?" ಎಂದರು. ಒಡ್ಡು ಸೇತುವೆಯ ಮೇಲಿನಿಂದಲೇ ಕಾಣುತ್ತಿತ್ತು.

ಚೆನ್ನಾಗಿ ಕಟ್ಟಿದ್ದರು, ಅದರಲ್ಲಿ ಎರಡು ಮಾತಿಲ್ಲ. ಸಿಮೆಂಟು ಚೀಲಗಳಿಗೆ ಮರಳು ತುಂಬಿ ದಡದಿಂದ ದಡಕ್ಕೆ ಐದು ಸಾಲು ಪೇರಿಸಿದ್ದರು. ನೀರಿನ ಕಡೆಗೆ ದಪ್ಪ ಟಾರ್ಪಾಲು ಹಾಸಿ ಅದರ ಅಂಚಿಗೆ ಜೇಡಿಮಣ್ಣು ಮೆತ್ತಿದ್ದರು. ಹಿಂದೆ ನೀರು ಹಸಿರಾಗಿ ನಿಂತಿತ್ತು. ಅದರೊಳಗೆ ಎರಡು ಕಪ್ಪು ಪೈಪು ಇಳಿದಿದ್ದವು. ಗುಡ್ಡದ ಆಚೆ ಕಾಫಿ ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗುವ ಸದ್ದು ಕೇಳುತ್ತಿತ್ತು.

"ಈ ಕಡೆ ನೋಡಿ ಸರ್," ಎಂದರು ಸುಮಿತ್ರಾ.

ಸೇತುವೆಯ ಇನ್ನೊಂದು ಬದಿಗೆ ಹೋದೆವು. ಅಲ್ಲಿ ಹಳ್ಳ ಇರಲಿಲ್ಲ. ಬಿಳಿ ಕಲ್ಲು, ಒಣ ಮರಳು, ಮಧ್ಯೆ ಒಂದು ಒರತೆ, ಅಂದರೆ ಮರಳಿನಲ್ಲಿ ಕೈಯಿಂದ ತೋಡಿದ ಗುಂಡಿ. ಅದರ ಪಕ್ಕ ಒಂದು ಪ್ಲಾಸ್ಟಿಕ್ ಕೊಡ. ಆಚೆ ದಡದ ಏರಿನಲ್ಲಿ ಹೆಂಚಿನ ಸಣ್ಣ ಮನೆಗಳು. ಅದು ಕೆಳಕೇರಿ, ತೋಟಗಳಲ್ಲಿ ಕೂಲಿ ಮಾಡುವವರ ಮನೆಗಳು.

ಆದದ್ದನ್ನು ಅವರು ಸೇತುವೆಯ ಕಟ್ಟೆಗೆ ಒರಗಿ ನಿಂತೇ ಹೇಳಿದರು. ಈ ಹಳ್ಳಕ್ಕೆ ಹಿಂದೆಲ್ಲ ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಒಡ್ಡು ಕಟ್ಟುತ್ತಿದ್ದರು. ಮನೆಗೊಂದು ಆಳು ಬರಬೇಕು. ಕಲ್ಲಿಟ್ಟು, ಮರದ ಕೊಂಬೆ ಅಡ್ಡ ಹಾಕಿ, ಸೊಪ್ಪು ತುರುಕಿ, ಮಣ್ಣು ಬಡಿಯುತ್ತಿದ್ದರು. ಮಳೆಗಾಲದಲ್ಲಿ ಅದು ಕೊಚ್ಚಿ ಹೋಗುತ್ತಿತ್ತು, ಮತ್ತೆ ಕಟ್ಟುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ಆಳು ಕಳಿಸುವುದು ನಿಂತಿತು, ಒಡ್ಡೂ ನಿಂತಿತು. ಒಂಬತ್ತನೇ ತರಗತಿಯ ಜಲಸಂಪನ್ಮೂಲದ ಪಾಠ ಬಂದಾಗ ಸುಮಿತ್ರಾ ಮಕ್ಕಳಿಗೆ ಹೇಳಿದರು, ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿ. ಮಕ್ಕಳು ಕೇಳಿಕೊಂಡು ಬಂದರು. ಹಿರಿಯರೆಲ್ಲರೂ ಒಡ್ಡಿನ ಬಗ್ಗೆ ಪ್ರೀತಿಯಿಂದ ಹೇಳಿದ್ದರು, ಜೊತೆಗೆ ಎಲ್ಲರೂ ಒಂದು ದೂರು ಹೇಳಿದ್ದರು. ಹಾಳಾದ್ದು ಸೋರುತ್ತಿತ್ತು, ಎಷ್ಟು ಮಣ್ಣು ಬಡಿದರೂ ಸೋರುತ್ತಿತ್ತು.

"ಅದಕ್ಕೇ ನಾವು ಸೋರದ ಹಾಗೆ ಕಟ್ಟಿದ್ವಿ. ನಮ್ಮ ಕಡೆ ನೀರು ಸೋರೋದು ಅಂದ್ರೆ ಪಾಪ ಸರ್. ನಾನು ಬೆಳೆದಿದ್ದೇ ಹಾಗೆ. ಆ ಸೋರಿದ ನೀರೇ ಕೆಳಕೇರಿಯವರ ನೀರು ಅಂತ ನನಗೂ ಹೊಳೀಲಿಲ್ಲ, ಕೆಳಕೇರಿಯವರಿಗೂ ಹೊಳೀಲಿಲ್ಲ. ಅವರೇ ಬಂದು ಚೀಲ ತುಂಬಿದ್ರು."

ಒಡ್ಡು ತುಂಬಿದರೆ ಮೇಲಿನಿಂದಾದರೂ ಹರಿದು ಹೋಗಬೇಕಲ್ಲ ಎಂದೆ. ಅವರು ಕಪ್ಪು ಪೈಪುಗಳನ್ನು ತೋರಿಸಿದರು. ತುಂಬಲು ಅವು ಬಿಟ್ಟರೆ ತಾನೆ.

ಶಾಲೆಯಲ್ಲಿ ಹುರಿಗಾಳು, ಬಾಳೆಹಣ್ಣು ಕೊಟ್ಟು ಉಪಚರಿಸಿದರು. ಹೆಡ್‌ಮಾಸ್ಟರು ಫೋಟೋಗಳನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿಸಿದ್ದರು. ಸೋಮವಾರ ಜಿಲ್ಲೆಯಿಂದ ಅಧಿಕಾರಿಗಳು ಒಡ್ಡು ನೋಡಲು ಬರುತ್ತಾರೆ, ಶಾಲೆಗೆ ಇನ್ನೂ ಇಬ್ಬರು ಶಿಕ್ಷಕರನ್ನು ಕೇಳಲು ಇದೇ ಸಮಯ ಎಂದು ಅವರ ಲೆಕ್ಕ. ಒಳ್ಳೆಯ ಲೆಕ್ಕವೇ. ಗಣಿತಕ್ಕೆ ಮೇಷ್ಟರಿಲ್ಲದೆ ದೈಹಿಕ ಶಿಕ್ಷಕರು ಬೀಜಗಣಿತ ಮಾಡುತ್ತಿದ್ದ ಶಾಲೆ ಅದು.

ಒಂಬತ್ತನೇ ತರಗತಿಯಲ್ಲಿ ಕುಳಿತೆ. ಯಾರು ಒಡ್ಡಿನ ಬಗ್ಗೆ ಹೇಳುತ್ತೀರಿ ಎಂದಾಗ ಎದ್ದು ನಿಂತವಳು ಅಶ್ವಿನಿ ಎಂಬ ಹುಡುಗಿ, ಎಣ್ಣೆ ಹಾಕಿ ಬಿಗಿದ ಎರಡು ಜಡೆ, ದೊಡ್ಡ ದನಿ. ಎಷ್ಟು ಚೀಲ, ಯಾವ ಇಳಿಜಾರು, ಟಾರ್ಪಾಲಿನ ಅಂಚನ್ನು ಯಾಕೆ ಮಣ್ಣಿನಲ್ಲಿ ಹೂಳಬೇಕು, ಎಲ್ಲ ಹೇಳಿದಳು. ಮೊದಲ ಸಲ ನೀರು ಒಂದು ಮೂಲೆಯಲ್ಲಿ ಸೋರಿತಂತೆ, ಆ ಮೂಲೆಯನ್ನು ಮುಚ್ಚಿದವಳು ತಾನೇ ಎಂದಾಗ ಇಡೀ ತರಗತಿ ಹೌದು ಎಂದಿತು. ಇಷ್ಟು ವರ್ಷದಲ್ಲಿ ಭೂಗೋಳದ ಬಗ್ಗೆ ಅಷ್ಟು ಹೆಮ್ಮೆಯಿಂದ ಮಾತಾಡಿದ ಮಗುವನ್ನು ನಾನು ಕಂಡಿರಲಿಲ್ಲ. ನಿನ್ನ ಮನೆ ಎಲ್ಲಿ ಎಂದು ಕೇಳಿದೆ.

"ಕೆಳಕೇರಿ ಸರ್."

ಸುಮಿತ್ರಾ ಕಪ್ಪುಹಲಗೆ ಒರೆಸತೊಡಗಿದರು, ಅದರ ಮೇಲೆ ಏನೂ ಬರೆದಿರಲಿಲ್ಲ.

ಸಂಜೆ ಅವಳ ಜೊತೆಯಲ್ಲೇ ಕೆಳಕೇರಿಗೆ ಹೋದೆವು. ಒರತೆಯ ಹತ್ತಿರ ಅವಳ ತಾಯಿ ಗಿರಿಜಕ್ಕ ಕುಳಿತಿದ್ದರು. ಚೊಂಬಿನಿಂದ ನೀರು ಮೊಗೆದು, ಕೊಡಕ್ಕೆ ಹೊಯ್ದು, ಮತ್ತೆ ನೀರು ಊರುವವರೆಗೆ ಕೈಕಟ್ಟಿ ಕೂರುತ್ತಿದ್ದರು. ಕಾಫಿ ತೋಟದ ಕೆಲಸದಿಂದ ನೇರ ಅಲ್ಲಿಗೇ ಬಂದಿದ್ದರು. ಪಂಚಾಯಿತಿಯ ಟ್ಯಾಂಕರ್ ದಿನ ಬಿಟ್ಟು ದಿನ ಬರುತ್ತದೆ, ಮನೆಗೆ ನಾಲ್ಕು ಕೊಡ. ದನಕ್ಕೆ ಅದು ಸಾಲದು.

"ಎಂತ ಮಾಡೂದು ಸಾರ್," ಎಂದರು ಗಿರಿಜಕ್ಕ. "ನಾನೂ ಚೀಲ ಹೊತ್ತಿದ್ದೆ. ಗಟ್ಟಿ ಕಟ್ಟಿ ಮಕ್ಳೆ ಅಂದವ್ಳೂ ನಾನೇ. ಯಾರಿಗೆ ಬಯ್ಯೂದು?"

"ಎರಡು ಚೀಲ ತೆಗೆದ್ರೆ ಸಾಕಲ್ಲ ಗಿರಿಜಕ್ಕ," ಎಂದರು ಸುಮಿತ್ರಾ, ಮೆಲ್ಲಗೆ.

"ನೀವು ತೆಗೀರಿ ಟೀಚರೆ. ನಂಗೆ ನಾಳೆ ಆ ಪೈಪಿನವರ ತೋಟಕ್ಕೇ ಕೆಲ್ಸಕ್ಕೆ ಹೋಗ್ಬೇಕು."

ಅಶ್ವಿನಿ ತಾಯಿಯ ಕಡೆಗೆ ತಿರುಗಿದಳು. "ತೆಗೀಬಾರ್ದು ಅಬ್ಬೆ. ಮಳೆ ಬಂದ್ರೆ ಸರಿಯಾಗ್ತದೆ. ಸೋಮವಾರ ಆಫೀಸರ್ ಬತ್ರು, ನಾನೇ ಹೇಳೂದು ಇದೆ." ಗಿರಿಜಕ್ಕ ಚೊಂಬನ್ನು ಒರತೆಯಲ್ಲಿ ಅದ್ದಿದರು. ಅರ್ಧ ಚೊಂಬು ನೀರು, ಅರ್ಧ ಮರಳು ಬಂತು.

ಪೈಪಿನ ಯಜಮಾನರನ್ನು ಸಂಜೆಯೇ ಕಂಡೆವು. ಶ್ರೀಧರಣ್ಣ ಎನ್ನುವ ಕಾಫಿ ಬೆಳೆಗಾರರು. ಜಗಳಕ್ಕೆ ಸಿದ್ಧನಾಗಿ ಹೋಗಿದ್ದೆ, ಆದರೆ ಅವರು ಜಗಳಕ್ಕೆ ಸಿಗುವ ಮನುಷ್ಯರಲ್ಲ. ಒಡ್ಡಿಗೆ ಮರಳು, ಟಾರ್ಪಾಲು ಕೊಟ್ಟವರು ಅವರು, ಶಾಲೆಯ ಅಡುಗೆಮನೆಗೆ ಶೀಟು ಹಾಕಿಸಿದವರೂ ಅವರೇ. ಕಾಫಿ ಕೊಟ್ಟು, ತೋಟ ತೋರಿಸಿದರು. ಮೊದಲ ನೀರು ಬಿದ್ದ ಗಿಡಗಳಲ್ಲಿ ಮೊಗ್ಗು ಬೆಳ್ಳಗೆ ಉಬ್ಬಿತ್ತು.

"ಹೂ ಬಿಡೋ ಹೊತ್ತು ಮಾರಾಯ್ರೆ," ಎಂದರು. "ಈಗ ನೀರು ತಪ್ಪಿಸಿದ್ರೆ ಒಂದು ವರ್ಷದ ಬೆಳೆ ಹೋಯ್ತು. ನಂಗೊಬ್ಬನಿಗೆ ಅಲ್ಲ, ಕೆಳಕೇರಿಯವರಿಗೂ ಕೆಲ್ಸ ಇರೂದಿಲ್ಲ. ಇನ್ನು ಹತ್ತು ದಿನ. ಆಮೇಲೆ ನೀವೇ ತೆಗೀರಿ, ನಾನೂ ಬತ್ತೇನೆ."

ವಾಪಸ್ಸು ಬರುವಾಗ ದಾರಿಯಲ್ಲಿ ಸುಮಿತ್ರಾ ಹೇಳಿದರು, ಹತ್ತು ದಿನ ಎಂಬ ಮಾತು ಶಿವರಾತ್ರಿಗೆ ಮೊದಲೂ ಬಂದಿತ್ತು. ಹೂವಾದ ಮೇಲೆ ಕಾಯಿ ಕಚ್ಚಲು ಇನ್ನೊಂದು ನೀರು ಬೇಕು, ಅದಕ್ಕೆ ಮತ್ತೆ ಹತ್ತು ದಿನ ಬರುತ್ತದೆ. ಹಿಂದೆ ಒಡ್ಡು ಕಟ್ಟಿದ ಎಲ್ಲ ಮನೆಯವರೂ ಅದರ ಮೇಲೆ ನಿಂತು ಯಾರಿಗೆ ಎಷ್ಟು ನೀರು ಎಂದು ಮಾತಾಡಿಕೊಳ್ಳುತ್ತಿದ್ದರು. ನಾವು ಒಡ್ಡನ್ನು ಮಾತ್ರ ಪಾಠ ಮಾಡಿದೆವು, ಮಾತಾಡಿಕೊಳ್ಳುವುದನ್ನು ಪಾಠ ಮಾಡಲಿಲ್ಲ ಎಂದರು. ಮರುದಿನ ಶೃಂಗೇರಿಯಲ್ಲಿ ನಮ್ಮ ಕೈಪಿಡಿಯ ಬಗ್ಗೆ ಶಿಕ್ಷಕರ ಸಭೆ ಇತ್ತು, ಅಲ್ಲಿ ಇದನ್ನೇ ಹೇಳಿ ಎಂದೆ. ಹೇಳಿದರೆ ನಾಲ್ಕು ಜನರ ಬಾಯಿಂದ ಬಂದ ಮಾತಾಗಿ ಹೆಡ್‌ಮಾಸ್ಟರು ಕೇಳಿಯಾರು, ಸೋಮವಾರಕ್ಕೆ ಮುಂಚೆ ಎರಡು ಚೀಲ ಹೊರಬಂದಾವು ಎಂಬುದು ನಮ್ಮ ಆಸೆ.

ರಾತ್ರಿ ಶಾಲೆಯಲ್ಲೇ ಮಲಗಿದ್ದೆ. ಶನಿವಾರ ಕತ್ತಲಿರುವಾಗಲೇ ಇಬ್ಬರೂ ಜಯಪುರಕ್ಕೆ ಹೋಗಿ, ಬೆಳಕಾದ ಮೇಲೆ ಶೃಂಗೇರಿಯ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅಡಿಕೆ ತೋಟಗಳು ಹಳದಿಯಾಗಿದ್ದವು. ಹಳದಿ ಎಲೆ ರೋಗ ಇಲ್ಲಿಗೆ ಹೊಸತಲ್ಲ, ಆದರೂ ತಲೆ ಉದುರಿದ ಮರಗಳು ಕಂಬಗಳಂತೆ ನಿಂತಿರುವುದನ್ನು ನೋಡುತ್ತ ಹೋಗುವುದು ಕಷ್ಟ. ಸುಮಿತ್ರಾ ಏನನ್ನೂ ನೋಡುತ್ತಿರಲಿಲ್ಲ, ಹೇಳಬೇಕಾದದ್ದನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು.

ಸಭೆ ಒಂದು ಶಾಲೆಯ ಮಹಡಿಯಲ್ಲಿತ್ತು. ಸುತ್ತಲಿನ ಶಾಲೆಗಳ ಸಮಾಜ ವಿಜ್ಞಾನ ಶಿಕ್ಷಕರು ಮೂವತ್ತು ಜನರಾದರೂ ಬಂದಿದ್ದರು. ಸುಮಿತ್ರಾ ಫೋಟೋಗಳನ್ನು ತೋರಿಸಿದಾಗ ಚಪ್ಪಾಳೆ ಬಿತ್ತು. ಅವರು ಕೈಯೆತ್ತಿ ನಿಲ್ಲಿಸಿದರು.

"ಚಪ್ಪಾಳೆ ಬೇಡ. ಈ ಒಡ್ಡಿನಿಂದ ನನ್ನದೇ ಶಾಲೆಯ ಮಕ್ಕಳ ಮನೆಗೆ ಹೋಗೋ ನೀರು ನಿಂತುಹೋಗಿದೆ. ಒಡ್ಡು ಸೋರಬೇಕಿತ್ತು. ನಾನು ಅದನ್ನ ಕಲಿಸಲಿಲ್ಲ."

ಸಭೆ ನಡೆಸುತ್ತಿದ್ದವರು ಗಡಿಯಾರ ನೋಡಿದರು. ಹಿಂದಿನ ಸಾಲಿನಿಂದ ಎಳೆಯ ಮೇಷ್ಟರೊಬ್ಬರು ಎದ್ದು, ನಿಮ್ಮ ಫೋಟೋ ನೋಡಿ ನಾವೂ ಕಟ್ಟಿಬಿಟ್ಟಿದ್ದೇವೆ ಮೇಡಂ, ನಮ್ಮದಕ್ಕೆ ಎರಡು ಪದರ ಟಾರ್ಪಾಲು ಎಂದರು. ಹೆಮ್ಮೆಯಿಂದ ಶುರುಮಾಡಿದ ಮಾತು ಕೊನೆಗೆ ಬರುವಾಗ ಸಣ್ಣದಾಯಿತು. ಪಾಪ, ಕೂತುಕೊಂಡರು.

ಈ ಪಾಠವನ್ನು ಹೀಗೇ ಅಚ್ಚು ಹಾಕಬಾರದು, ಆದದ್ದನ್ನೆಲ್ಲ ಸೇರಿಸಬೇಕು ಎಂದು ನಾನು ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ. ಕೊನೆಯಲ್ಲಿ 'ಸವಾಲುಗಳು' ಎಂಬ ಉಪಶೀರ್ಷಿಕೆಯಡಿ ಒಂದು ಸಾಲು ಹಾಕೋಣ ಎಂದು ತೀರ್ಮಾನವಾಯಿತು. ಒಂದು ಸಾಲು. ನನಗೆ ರೇಗಿಹೋಯಿತು, ಆದರೆ ಅಷ್ಟರಲ್ಲಿ ಊಟದ ಹೊತ್ತಾಗಿತ್ತು, ಎಲ್ಲರೂ ಎದ್ದಿದ್ದರು.

ದೇವಸ್ಥಾನದಲ್ಲಿ ಊಟ ಮಾಡಿದೆವು. ಅನ್ನ, ಸಾರು, ಪಾಯಸ ಬಿಸಿಬಿಸಿಯಾಗಿದ್ದವು. ಸುಮಿತ್ರಾ ಪಾಯಸ ಬೇಡವೆಂದರು. ತುಂಗೆಯ ಮೆಟ್ಟಿಲಿನಲ್ಲಿ ಯಾತ್ರಿಕರು ಮೀನುಗಳಿಗೆ ಪುರಿ ಎಸೆಯುತ್ತಿದ್ದರು. ಕೈಕಾಲು ತೊಳೆದು ಸ್ವಲ್ಪ ಹೊತ್ತು ಕುಳಿತೆವು. ಅಷ್ಟು ನೀರನ್ನು ನೋಡಿಯೂ ಇಬ್ಬರಿಗೂ ಸಮಾಧಾನವಾಗಲಿಲ್ಲ.

ಮೂರು ಗಂಟೆಯ ಬಸ್ಸಿಗೆ ಹೊರಟೆವು. ಜಯಪುರ ದಾಟಿದ ಮೇಲೆ ಸುಮಿತ್ರಾ ಅವರ ಫೋನು ಹೊಡೆದುಕೊಂಡಿತು. ಹೆಡ್‌ಮಾಸ್ಟರ ದನಿ ನನಗೂ ಕೇಳುವಷ್ಟು ದೊಡ್ಡದಾಗಿತ್ತು. ಬೆಳಗಾಗುವುದರೊಳಗೆ ಯಾರೋ ಒಡ್ಡಿನ ಒಂದು ಮೂಲೆಯಲ್ಲಿ ಚೀಲ ಕಿತ್ತು ಹಾಕಿದ್ದಾರೆ, ಟಾರ್ಪಾಲು ಸೀಳಿದ್ದಾರೆ.

"ನೀರು ಕೆಳಗೆ ಹೋಯ್ತಾ ಸರ್?" ಎಂದು ಕೇಳಿದರು ಸುಮಿತ್ರಾ. ಎರಡು ದಿನದಲ್ಲಿ ಅವರ ಮುಖ ಅರಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಹೋಗ್ದೆ ಇರ್ತದಾ? ಮಧ್ಯಾಹ್ನದವರೆಗೂ ಹೋಯ್ತು. ನೀವು ಗಾಬರಿ ಆಗ್ಬೇಡಿ, ಒಂಬತ್ತನೇ ಕ್ಲಾಸಿನವರನ್ನ ಇಳ್ಸಿದ್ದೀನಿ. ಸೋಮವಾರಕ್ಕೆ ಸರಿಯಾಗ್ತದೆ."

ಅವರು ಫೋನನ್ನು ಚೀಲಕ್ಕೆ ಹಾಕಿದರು. "ಗಿರಿಜಕ್ಕನೇ ಇರ್ಬೇಕು," ಎಂದರು.

ಸೇತುವೆಯ ಬಳಿ ಇಳಿಯುವವರು, ಹತ್ತುವವರು ಇದ್ದರು, ಬಸ್ಸು ನಿಂತಿತು, ಸುಮಿತ್ರಾ ಇಳಿದರು. ನಾನು ಕೊಪ್ಪಕ್ಕೆ ಹೋಗಬೇಕಾದವನು, ಕಿಟಕಿಯಲ್ಲೇ ಉಳಿದೆ. ಒಡ್ಡಿನ ಮೇಲೆ ಮಕ್ಕಳು ಸಾಲಾಗಿ ನಿಂತು ಚೀಲಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಆ ಮೂಲೆಯಲ್ಲಿ ಸೊಂಟದವರೆಗೆ ಒದ್ದೆಯಾಗಿ ನಿಂತವಳು ಅಶ್ವಿನಿ. ಕೊನೆಯ ಚೀಲವನ್ನು ಅವಳೇ ಇಳಿಸಿ, ಅದರ ಮೇಲೆ ಹತ್ತಿ, ಎರಡೂ ಕಾಲಿನಿಂದ ತುಳಿದಳು. ಮಣ್ಣು ಮೆತ್ತಿದಳು. ಬಗ್ಗಿ, ಒಡ್ಡಿನ ಈಚೆಗೆ ಅಂಗೈ ಒತ್ತಿ ನೋಡಿದಳು. ಆಗ ಸೇತುವೆಯ ಮೇಲೆ ಟೀಚರ್ ಕಂಡರು. ಕೆಸರಿನ ಕೈಯೆತ್ತಿ ಕೂಗಿದಳು.

"ಟೀಚರ್, ಇನ್ನೊಂದು ಹನಿಯೂ ಸೋರೂದಿಲ್ಲ, ಬಂದು ನೋಡಿ."

ಸುಮಿತ್ರಾ ಕಟ್ಟೆಯ ಮೇಲೆ ಕೈಯೂರಿ ನಿಂತರು. ಮಕ್ಕಳೆಲ್ಲ ಕೆಲಸ ನಿಲ್ಲಿಸಿ ಅವರ ಮುಖವನ್ನೇ ನೋಡುತ್ತಿದ್ದರು.

"ಮೇಲೆ ಬಾ ಅಶ್ವಿನಿ," ಎಂದರು. "ಬಟ್ಟೆ ಎಲ್ಲ ಒದ್ದೆಯಾಗಿದೆ."

ಕಂಡಕ್ಟರ್ ಸೀಟಿ ಊದಿದ. ಬಸ್ಸು ಸೇತುವೆಯ ಮೇಲೆ ನಿಧಾನವಾಗಿ ಹೊರಟಿತು. ನಾನು ಎದ್ದು ಆಚೆ ಬದಿಯ ಕಿಟಕಿಗೆ ಹೋದೆ. ಕೆಳಗೆ ಕಲ್ಲುಗಳು ಇನ್ನೂ ಒದ್ದೆಯಾಗಿದ್ದವು, ಅಲ್ಲಲ್ಲಿ ನೀರು ಮಡುಗಟ್ಟಿತ್ತು. ಗಿರಿಜಕ್ಕ ಒಂದು ಮಡುವಿನ ಹತ್ತಿರ ಕುಳಿತು ಚೊಂಬಿನಿಂದ ಅವಸರವಾಗಿ ಕೊಡಕ್ಕೆ ಹೊಯ್ಯುತ್ತಿದ್ದರು. ಮಗಳ ಕೂಗು ಅವರಿಗೂ ಕೇಳಿಸಿತ್ತು. ಒಮ್ಮೆ ತಲೆಯೆತ್ತಿ ಸೇತುವೆಯ ಕಡೆ ನೋಡಿದರು, ಮತ್ತೆ ಮೊಗೆಯತೊಡಗಿದರು.